ನೆಲಕ್ಕಿಟ್ಟ ಚಾಕು

ತುರುವೇಕೆರೆ
೧೪ ಅಕ್ಟೋಬರ್ ೨೦೨೫

ಕಾಂತೇಶನಿಗೆ,

ಫೋನಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. ಉತ್ತರ ಕೊಡುವ ಬದಲು ನೀನು ನನ್ನ ನಂಬರನ್ನೇ ಬ್ಲಾಕ್ ಮಾಡಿದೆ. ಚಾಕು ಕೂಡಿಡುವ ಹುಚ್ಚಿನ ನಮ್ಮ ಬಳಗದ ವಾಟ್ಸಾಪ್ ಗುಂಪಿನಿಂದಲೂ ಎದ್ದು ಹೋದೆ. ತಪ್ಪಿಲ್ಲದವನು ಹೀಗೆ ಓಡಿಹೋಗುತ್ತಾನೇನೋ? ಅಂಚೆಯವನನ್ನು ಬ್ಲಾಕ್ ಮಾಡಲು ನಿನ್ನಿಂದ ಆಗುವುದಿಲ್ಲ, ಅದಕ್ಕೇ ಈ ಪತ್ರ.

ಇನ್ನೊಮ್ಮೆ ಕೇಳುತ್ತೇನೆ. ನಿಮ್ಮಪ್ಪ ರಂಗಣ್ಣ ಮಾವ ನನಗೆ ಕೊಟ್ಟ ಚಾಕು ಎಲ್ಲಿ?

ಮಹಾಲಯ ಅಮಾವಾಸ್ಯೆಯ ಎಡೆಯಲ್ಲಿ, ಅಪ್ಪನ ಪಂಚೆ ಪಕ್ಕ ಅವರ ಚಾಕೂ ಇರಬೇಕು ಅಂತ ಅಮ್ಮ ಆಸೆಪಟ್ಟಿದ್ದಾಳೆ ಅಂದೆ ನೀನು. ನಾನು ಮರುಮಾತಾಡದೆ ಕೊಟ್ಟೆ. ದಸರಾ ಕಳೆದ ಮೇಲೆ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ನೀನು, ಹೊರಟ ಬಸ್ಸಿನ ಕಿಟಕಿಯಿಂದ ಕೈ ಚಾಚಿ ಒಂದು ಬಟ್ಟೆಗಂಟು ಕೊಟ್ಟೆ. ಅಂಗಡಿಗೆ ಬಂದು ಬಿಚ್ಚಿ ನೋಡಿದರೆ ಬೆಳ್ಳಿ ಚಮಚದ ಹಾಗೆ ಹೊಳೆಯುವ ಯಾವುದೋ ಚಾಕು!

ನಾನು ಕೊಟ್ಟಿದ್ದು ಕಪ್ಪಗಿತ್ತು ಕಣಯ್ಯಾ. ಬರೀ ಕಪ್ಪಲ್ಲ, ಬೆಳಕಿಗೆ ಹಿಡಿದರೆ ನೀಲಿ ತೇಲುವ ಕಪ್ಪು. ಹಳೇ ಉಕ್ಕು ವರ್ಷಗಟ್ಟಲೆ ಕೊಬ್ಬರಿ ಕುಯ್ದು, ಹಣ್ಣು ಹೆಚ್ಚಿ, ಬೆವರು ಕುಡಿದು ಪಡೆಯುವ ಬಣ್ಣ ಅದು. ಮಾವ ಜೀವನವೆಲ್ಲ ತೋಟತೋಟ ತಿರುಗಿ, ಕೊಬ್ಬರಿ ಕುಯ್ದು ನೋಡಿ, ವ್ಯಾಪಾರ ಕುದುರಿಸಿದವರು. ಅವರ ಕೈ ಇದ್ದದ್ದು ಆ ಬಣ್ಣದಲ್ಲಿ. ಅದನ್ನು ನೋಡಿಯೇ ನಾನು ಹಳೇ ಚಾಕುಗಳ ಹುಚ್ಚು ಹತ್ತಿಸಿಕೊಂಡದ್ದು.

ಎಮ್ಮೆ ಕೊಂಬಿನ ಹಿಡಿ ಅದೇ ಥರ ಇದೆ, ಒಪ್ಪುತ್ತೇನೆ. ಹಿತ್ತಾಳೆ ಮೊಳೆಗಳೂ ಇವೆ. ಆದರೆ ಶೆಟ್ಟಿಕೆರೆಯಲ್ಲಿ ಅದನ್ನು ಮಾಡಿಕೊಟ್ಟ ಆಚಾರಿಯ ಮಗ ಇನ್ನೂ ಕುಲುಮೆ ಇಟ್ಟುಕೊಂಡಿದ್ದಾನೆ. ಅಂಥದ್ದೇ ಇನ್ನೊಂದು ಮಾಡಿಸುವುದು ನಿನಗೆ ಕಷ್ಟವೇ?

ನಿಜ ಹೇಳು, ಮುಂದೆ ಮಾತಾಡೋಣ.

ಇಂತಿ,
ಸೂರ್ಯಪ್ರಕಾಶ


ಹಾಸನ
೨೩ ಅಕ್ಟೋಬರ್ ೨೦೨೫

ಲೇ ಸೂರಿ,

ನಿನ್ನ ಪತ್ರ ಬಸ್ ಡಿಪೋಗೇ ಬಂತು. ಗ್ರೀಸ್ ಕೈಯಲ್ಲೇ ಒಡೆದು ಓದಿದೆ. ಪಕ್ಕದಲ್ಲಿದ್ದ ಮೆಕ್ಯಾನಿಕ್‌ಗಳೆಲ್ಲ "ಯಾರ್ಗಾದ್ರೂ ಏನಾದ್ರೂ ಆಯ್ತಾ ಸಾರ್?" ಅಂತ ಗಾಬರಿಯಾದರು. ಈಗಿನ ಕಾಲದಲ್ಲಿ ಪತ್ರ ಬಂದರೆ ಸಾವಿನ ಸುದ್ದಿ ಅನ್ನಿಸುತ್ತೆ. "ಏನಿಲ್ಲ ಕಣ್ರಯ್ಯ, ನನ್ನ ಗೆಳೆಯ ನನ್ನನ್ನ ಕಳ್ಳ ಅಂತಿದಾನೆ" ಅಂದೆ.

ನನ್ನಪ್ಪನ ಚಾಕನ್ನ ನಾನು ಕದಿಯಬೇಕೇನೋ? ಅಮ್ಮ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟಳು, ನಿನಗೆ ಕೊಟ್ಟೆ. ಬಿಚ್ಚಿ ಸಹ ನೋಡಿಲ್ಲ. ದಸರಾ ಸ್ಪೆಷಲ್ ಬಸ್ಸುಗಳ ಗಲಾಟೆಯಲ್ಲಿ ಈ ಸಲ ಹಬ್ಬಕ್ಕೆ ಊರಿಗೇ ಹೋಗಲಾಗಲಿಲ್ಲ. ಹಬ್ಬ ಮುಗಿದ ಮೇಲೆ ಒಂದು ದಿನ ಹೊನ್ನವಳ್ಳಿಗೆ ಓಡಿ, ಹೆಂಡತಿ ಮುಖ ನೋಡಿ, ಗಂಟು ಹಿಡಿದು ವಾಪಸ್ ಬಂದೆ.

ಈಗ ನನ್ನ ಅನುಮಾನ ಕೇಳು. ಎಡೆಗೆ ಅಂತ ನೀನು ಕೊಟ್ಟಿದ್ದನ್ನ ನೋಡಿದಾಗಲೇ ಇದು ಅಪ್ಪಂದಲ್ಲ ಅನ್ನಿಸಿತ್ತು. ಹಬ್ಬದ ದಿನ ರಾದ್ಧಾಂತ ಬೇಡ ಅಂತ ಬಾಯಿ ಮುಚ್ಚಿಕೊಂಡೆ. ಅಪ್ಪನ ಚಾಕು ಕಪ್ಪಗಿರಲಿಲ್ಲ ಕಣೋ! ವರ್ಷ ವರ್ಷ ವಿಜಯದಶಮಿಗೆ ಊರಿಗೆ ಬಂದಾಗ ನೋಡಿದ್ದೀನಿ. ಮಚ್ಚು, ಕುಡುಗೋಲು, ಗುದ್ದಲಿ ಸಾಲಾಗಿ ಇಟ್ಟಿರೋರು, ಕುಂಕುಮ ಹಚ್ಚಿರೋರು. ಆ ಸಾಲಿನ ಕೊನೆಗೆ ಅಪ್ಪನ ಚಾಕು ಪಳಪಳ ಅಂತ ಹೊಳೀತಿತ್ತು. ಮಿಕ್ಕ ದಿನ ಅದು ಅಪ್ಪನ ಸೊಂಟದಲ್ಲಿ, ನಾನು ಹಾಸನದಲ್ಲಿ. ಹೊಳೆಯೋ ಚಾಕು ನಿನ್ನ ಮನೆಗೆ ಹೋಗಿ ಕಪ್ಪಾಗಿ ಹೇಗೆ ಬಂತು? ಉತ್ತರ ಕೊಡು.

ನನ್ನ ಮಿಲಿಟರಿ ಥರದ ಟ್ಯಾಕ್ಟಿಕಲ್ ಚಾಕುಗಳನ್ನ ನೀವೆಲ್ಲ ಆಡಿಕೊಳ್ತೀರಿ. "ಕಾಂತೇಶ ಯಾವ ಯುದ್ಧಕ್ಕೆ ಹೊರಟ, ಹೊನ್ನವಳ್ಳಿಗೂ ಬಿದರೆಗುಡಿಗೂ ಯುದ್ಧವಾ" ಅಂತ ಗುಂಪಿನಲ್ಲಿ ಹಾಕಿದವನು ನೀನೇ. ಆದರೆ ಒಂದು ತಿಳಕೋ. ನನ್ನ ಒಂದೊಂದು ಚಾಕಿನ ಮೇಲೂ ನಂಬರ್ ಕೆತ್ತಿದೆ. ಬಿಚ್ಚಿದರೆ ಲಾಕ್ ಬೀಳುತ್ತೆ, ಬೆರಳ ಮೇಲೆ ಮಡಚಿಕೊಳ್ಳಲ್ಲ. ಒಂದೇ ಕೈಯಲ್ಲಿ ತೆಗೀಬಹುದು. ಯಾರಿಗಾದರೂ ಕೊಟ್ಟು ವಾಪಸ್ ತಗೊಂಡರೆ ನಂಬರ್ ನೋಡಿದರೆ ಮುಗೀತು, ಬಣ್ಣ, ಹೊಳಪು, ನೀಲಿ, ಕಪ್ಪು ಅಂತ ಜಗಳ ಇಲ್ಲ. ನಿಮ್ಮ ಹಳೇ ಚಾಕಿನವರಿಗೆ ಗುರುತು ಅಂದರೆ ಬರೀ ಕಣ್ಣಂದಾಜು. ಊರಿಗೆಲ್ಲ ಕನ್ನಡಕ ಮಾರೋನು, ನಿನ್ನ ಕಣ್ಣು ಸರಿಯಾಗಿದೆಯಾ?

ಇನ್ನೊಂದು ಮಾತು. ಏಳು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದೀನಿ. ಹೊಟ್ಟೆಯಲ್ಲಿ ಹುಟ್ಟಿದ ಮಗ ನಾನಿದ್ದೆ. ಅಪ್ಪ ಅದನ್ನ ನಿನಗೆ ಯಾಕೆ ಕೊಟ್ಟರು? ಏನು ಹೇಳಿ ಈಸಿಕೊಂಡೆ?

ಕಾಂತೇಶ್


ತುರುವೇಕೆರೆ
೩ ನವೆಂಬರ್ ೨೦೨೫

ಕಾಂತೇಶನಿಗೆ,

ಈಸಿಕೊಂಡೆ ಅಂತೀಯ. ಹೇಗೆ ಕೊಟ್ಟರು ಅಂತ ಹೇಳುತ್ತೇನೆ, ಓದಿ ನಾಚಿಕೋ.

ಮಾವ ತೀರಿಕೊಳ್ಳುವ ಹಿಂದಿನ ವರ್ಷ, ಶ್ರಾವಣ ಮಾಸ. ಅವರಿಗೆ ಆಗಲೇ ಕೈ ನಡುಗುತ್ತಿತ್ತು, ತಿರುಗಾಟ ನಿಂತಿತ್ತು. ನೋಡಿಕೊಂಡು ಬರೋಣ ಅಂತ ಹೊನ್ನವಳ್ಳಿಗೆ ಹೋಗಿದ್ದೆ. ಜಗಲಿಯ ಮೇಲೆ ಅವರು, ಪಕ್ಕದಲ್ಲಿ ನಿಮ್ಮಮ್ಮ ಚೌಡತ್ತೆ, ಎದುರಿಗೆ ನಾನು. ಅತ್ತೆ ಎಲೆಅಡಿಕೆ ಚೀಲ ಮುಂದಿಟ್ಟುಕೊಂಡು ಏನೋ ಹುಡುಕುತ್ತಿದ್ದರು. ಮಾವ ಸೊಂಟದಿಂದ ಚಾಕು ತೆಗೆದರು. ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ನೆಲದ ಮೇಲಿಟ್ಟು, ಮೆಲ್ಲಗೆ ಮುಂದಕ್ಕೆ ತಳ್ಳಿದರು. ಚಾಕನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ಪಡೆದವರಿಗೂ ಜಗಳ ಆಗುತ್ತೆ ಅಂತ ನಮ್ಮ ಕಡೆ ಯಾರೂ ಕೈಗೆ ಕೊಡುವುದಿಲ್ಲವಲ್ಲ, ಹಾಗೆ. ಒಂದು ಮಾತೂ ಆಡಲಿಲ್ಲ. ನಾನು ಎತ್ತಿ ಕಣ್ಣಿಗೊತ್ತಿಕೊಂಡೆ. ನೀನು ಬಸ್ಸಿನ ಕಿಟಕಿಯಿಂದ ಕೈಗೇ ತುರುಕಿದೆಯಲ್ಲ, ಅದರ ಫಲ ಈಗ ಉಣ್ಣುತ್ತಿದ್ದೇವೆ.

ನನಗೆ ಅಪ್ಪನ ಮುಖ ನೆನಪಿಲ್ಲ. ಅದು ನಿನಗೆ ಗೊತ್ತು. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತೋಟ ಸುತ್ತಿಸಿದವರು, ಕೊಬ್ಬರಿ ಚೂರು ಕುಯ್ದು ಬಾಯಿಗಿಟ್ಟವರು ನಿಮ್ಮಪ್ಪ. ನನಗೂ ನಿನಗೂ ನಡುವೆ ಅವರು ನನ್ನನ್ನು ಆರಿಸಿಕೊಂಡರು ಅನ್ನುವ ಒಂದು ಹೆಮ್ಮೆ ನನಗಿದೆ. ಅದನ್ನು ಮುಚ್ಚಿಡುವುದಿಲ್ಲ. ನಿನಗೆ ನೋವಾದರೂ ಸರಿ.

ಒಂದೇ ಕೈಯಲ್ಲಿ ತೆಗೆಯುವ ಚಾಕಿನ ಜಂಬ ಹೇಳಿದೆ. ಮಾವ ಆ ಹಳೇ ಚಾಕನ್ನೇ ಒಂದೇ ಕೈಯಲ್ಲಿ ತೊಡೆಗೆ ಒತ್ತಿ ಮಡಚುತ್ತಿದ್ದರು. ನೋಡುತ್ತಲೂ ಇರಲಿಲ್ಲ, ಮಾತಾಡುತ್ತಲೇ ಟಕ್ಕನೆ ಮಡಚಿಬಿಡುತ್ತಿದ್ದರು. ನಾನು ಎಷ್ಟು ಸಲ ಪ್ರಯತ್ನಪಟ್ಟರೂ ಬರಲಿಲ್ಲ, ಎರಡು ಸಲ ಬೆರಳು ಕುಯ್ದುಕೊಂಡೆ.

ನೀನು ಕೊಟ್ಟ ಚಾಕನ್ನು ಅಂಗಡಿಯ ಭೂತಗನ್ನಡಿ ಕೆಳಗಿಟ್ಟು ನೋಡಿದೆ. ಅಲಗಿನ ತುಂಬ ಹೊಸ ಗೀರು. ಹಿಡಿಯ ಸೀಳಿನಲ್ಲಿದ್ದ ಹಳೇ ಮಣ್ಣೂ ಇಲ್ಲ. ನಿನ್ನ ವಸ್ತು ನಿನಗೇ ಇರಲಿ ಅಂತ, ಹಾಸನಕ್ಕೆ ಹೊರಟಿದ್ದ ನಮ್ಮ ಬಳಗದ ಬಸವರಾಜಪ್ಪನ ಕೈಲಿ ವಾಪಸ್ ಕಳಿಸುತ್ತಿದ್ದೇನೆ. ಅವರು ನಂಬಿಕಸ್ಥ ಮನುಷ್ಯ, ಆದರೂ ಡಬ್ಬಿಗೆ ಟೇಪು ಸುತ್ತಿ ನನ್ನ ಸಹಿ ಹಾಕಿದ್ದೇನೆ. ಕಪ್ಪು ಚಾಕು ನನಗೆ ಬೇಕು.

ಸೂರ್ಯಪ್ರಕಾಶ


ಹಾಸನ
೧೬ ನವೆಂಬರ್ ೨೦೨೫

ಸೂರಿ,

ಬಸವರಾಜಪ್ಪ ಡಬ್ಬಿ ಕೊಟ್ಟರು. ಟೇಪು ಕುಯ್ಯೋಕೆ ನನ್ನ ಟ್ಯಾಕ್ಟಿಕಲ್ಲೇ ಬೇಕಾಯ್ತು, ಅಷ್ಟು ಸುತ್ತಿದ್ದೀಯ. ತೆಗೆದು ನೋಡಿ ಅಲ್ಲೇ ಕುಕ್ಕರಿಸಿದೆ.

ಇದೇ ಕಣೋ! ಇದೇ ಅಪ್ಪನ ಚಾಕು. ಅದೇ ಹೊಳಪು. ವಿಜಯದಶಮಿಯ ದಿನ ನೋಡುತ್ತಿದ್ದೆನಲ್ಲ, ಅದೇ. ಕಣ್ಣಲ್ಲಿ ನೀರು ಬಂತು ಅಂದರೆ ನಂಬು.

ಆಮೇಲೆ ತಲೆ ಓಡಿತು. ಹಾಗಾದರೆ ಎಡೆಯಲ್ಲಿ ಇಟ್ಟಿದ್ದು ಯಾವುದು? ಈಗ ಎಲ್ಲ ಅರ್ಥವಾಯ್ತು. ನಿನ್ನ ಹತ್ತಿರ ಎರಡಿದ್ದವು. ಅಸಲಿಯನ್ನ ನಿನ್ನ ಹಳೇ ಚಾಕುಗಳ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಎಲ್ಲೋ ಸಂತೆಯಲ್ಲಿ ತಂದ ಕರೀ ಚಾಕನ್ನ ನಮ್ಮಪ್ಪನ ಎಡೆಗೆ ಕೊಟ್ಟೆ. ಅಮ್ಮ ಅದರ ಮುಂದೆ ಕೈಮುಗಿದು ಅತ್ತಳು ಕಣೋ. ಸತ್ತ ಮನುಷ್ಯನಿಗೇ ಮೋಸ ಮಾಡಿದೆಯಲ್ಲ. ಈಗ ಟೇಪು ಸುತ್ತುವ ಅವಸರದಲ್ಲಿ ಎರಡೂ ಅದಲುಬದಲಾಗಿ ಅಸಲಿ ನನ್ನ ಕೈ ಸೇರಿದೆ. ಸಹಿ ಬೇರೆ ಹಾಕಿದ್ದೀಯ!

ಇದನ್ನ ವಾಪಸ್ ಕೊಡಲ್ಲ. ಆ ಕರೀ ಚಾಕು ನನ್ನ ಹತ್ತಿರ ಇಲ್ಲ, ನಿನ್ನ ಹತ್ತಿರವೇ ಇರಬೇಕು, ಹುಡುಕಿಕೋ.

ಕಾಂತೇಶ್


ತುರುವೇಕೆರೆ
೩೦ ನವೆಂಬರ್ ೨೦೨೫

ಕಾಂತೇಶ್ ಅವರಿಗೆ,

ಇನ್ನು ಮೇಲೆ ಹೀಗೇ ಬರೆಯುತ್ತೇನೆ. ಸಲಿಗೆ ಸಾಕು.

ನನ್ನ ಚಾಕು ಬಚ್ಚಿಟ್ಟುಕೊಂಡು, ನಕಲಿಯನ್ನು ಅಸಲಿ ಅಂತ ಅತ್ತು ತೋರಿಸುವ ನಾಟಕ ಚೆನ್ನಾಗಿದೆ. ಕಣ್ಣೀರು ಬಂತಂತೆ! ಬಳಗದವರಿಗೆಲ್ಲ ಹೇಳಿದ್ದೇನೆ. ಹಳೇ ಚಾಕಿನವರು ನನ್ನ ಕಡೆ, ಹೊಸ ಚಾಕಿನವರು ನಿಮ್ಮ ಕಡೆ. ಗುಂಪಿನಲ್ಲಿ ಈಗ ಗುಡ್ ಮಾರ್ನಿಂಗ್ ಕೂಡ ಯಾರೂ ಹಾಕುತ್ತಿಲ್ಲ.

ಮೊನ್ನೆ ಹೊನ್ನವಳ್ಳಿ ಮೇಲೆ ಬಸ್ಸಿನಲ್ಲಿ ಹೋದೆ. ನಿಮ್ಮ ಮನೆ ಬಂದಾಗ ಆಚೆ ಕಡೆಯ ಕಿಟಕಿ ನೋಡಿಕೊಂಡು ಕೂತೆ. ಜಗಲಿ ಮೇಲೆ ಅತ್ತೆ ಇದ್ದರೋ ಇಲ್ಲವೋ ಗೊತ್ತಾಗಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಆ ಮನೆ ಮುಂದೆ ಇಳಿಯದೆ ಹೋದೆ.

ಇದಕ್ಕೆ ಉತ್ತರ ಬೇಕಿಲ್ಲ.

ಸೂರ್ಯಪ್ರಕಾಶ


ಹೊನ್ನವಳ್ಳಿ
೨೧ ಡಿಸೆಂಬರ್ ೨೦೨೫

ಕಾಂತಂಗೂ ಸೂರಿಗೂ ಚೌಡಮ್ಮ ಮಾಡುವ ಆಶೀರ್ವಾದ.

ಬರೀತಿರೋಳು ಸೊಸೆ ಧನಲಕ್ಷ್ಮಿ, ಹೇಳ್ತಿರೋಳು ನಾನು. ಇಬ್ರಿಗೂ ಒಂದೇ ಕಾಗದ, ಎರಡ್ ಸಲ ಬರ್ದವ್ಳೆ ಪಾಪ.

ಹೋದ ಭಾನುವಾರ ಕಾಂತ ಊರಿಗೆ ಬಂದು, "ನೋಡಮ್ಮ, ಅಪ್ಪನ ಅಸಲಿ ಚಾಕು ಸಿಕ್ತು, ಸೂರಿ ಮೋಸ ಮಾಡಿದ್ದ" ಅಂದ. ಆಮೇಲೆ ಸೂರಿ ಬರ್ದ ಕಾಗದಗಳ್ನೆಲ್ಲ ಓದಿ ತೋರಿಸ್ದ. ನಾನು ನಗ್ಲಾ ಅಳ್ಲಾ? ನಿಮ್ಮಿಬ್ರಿಗೂ ವಯಸ್ಸಾಯ್ತು, ಬುದ್ಧಿ ಯಾವಾಗ್ರಪ್ಪ ಬರೋದು?

ಇರೋದು ಒಂದೇ ಚಾಕು ಕಣ್ರಲಾ. ಆಯುಧಪೂಜೆ ಹಿಂದಿನ ದಿನ ಮನೇಲಿರೋ ಕಬ್ಬಿಣದ್ ಸಾಮಾನ್ನೆಲ್ಲ ಹಿತ್ಲಿಗೆ ಹಾಕ್ಕಂಡು, ಇಟ್ಟಿಗೆ ಪುಡಿ, ಬೂದಿ ಹಚ್ಚಿ, ತೆಂಗಿನ ನಾರ್ನಾಗೆ ಉಜ್ತೀನಿ. ಮದ್ವೆಯಾಗಿ ಬಂದಾಗ್ಲಿಂದ್ಲೂ ಉಜ್ತಾ ಇದೀನಿ. ನಿಮ್ಮಪ್ಪನ ಚಾಕನ್ನೂ ವರ್ಷ ವರ್ಷ ಉಜ್ತಿದ್ದೆ. ಈ ಸಲ ಎಡೆಗೆ ಅಂತ ಸೂರಿ ಕೊಟ್ಟಿದ್ದು ಮನೇಲಿತ್ತಲ್ಲ, ಅಯ್ಯೋ, ಸೂರಿ ಮನೇಲಿ ಯಾರೂ ಉಜ್ಜೇ ಇಲ್ವಲ್ಲಪ್ಪ, ಹಿಂಗೆ ಕಿಲುಬು ಹಿಡ್ಸವ್ರೆ ಅಂತ ಅದನ್ನೂ ಚೆನ್ನಾಗಿ ತಿಕ್ಕಿ, ಕೊಬ್ಬರಿ ಎಣ್ಣೆ ಹಚ್ಚಿ, ಬಟ್ಟೇಲಿ ಸುತ್ತಿ ಕಳಿಸ್ದೆ. ಪುಣ್ಯ ಮಾಡ್ದೆ ಅನ್ಕಂಡೆ ಕಣಪ್ಪ ನಾನು.

ಕಾಂತ ಬರ್ತಿದ್ದಿದ್ದು ವಿಜಯದಶ್ಮಿಗೆ, ಉಜ್ಜಿದ್ ಎರಡೇ ದಿನಕ್ಕೆ, ಅವನು ನೋಡಿದ್ದು ಹೊಳಪು. ಸೂರಿಗೆ ಸಿಕ್ಕಿದ್ದು ಶ್ರಾವಣದಾಗೆ, ವರ್ಷದ ಕೊಳೆ ಕೂತಿತ್ತು, ಅವನು ನೋಡಿದ್ದು ಕಪ್ಪು. ಅದೇನೋ ಮಾವನ ಕೈ ಬಣ್ಣ ಅಂತಾನಂತೆ. ಮಗಾ, ಅದ್ರಾಗೆ ಮಾವಂದು ಒಂದು ವರ್ಷದ್ದು, ಮಿಕ್ಕಿದ್ದೆಲ್ಲ ನಿಂದೇ.

ಇನ್ನೊಂದ್ ಮಾತೈತೆ. ಹೇಳ್ಬಾರ್ದು ಅಂತಿದ್ದೆ. ಅಪ್ಪ ನಿಂಗ್ಯಾಕೆ ಕೊಟ್ರು, ನಂಗ್ಯಾಕೆ ಕೊಡ್ಲಿಲ್ಲ ಅಂತ ಕಿತ್ತಾಡ್ತಿದೀರಲ್ಲ, ಅದ್ಕೆ ಹೇಳ್ತೀನಿ.

ಅವರು ಅದನ್ನ ನಿಮ್ಮಿಬ್ರಿಗೂ ಕೊಡ್ಲಿಲ್ಲ. ನಂಗೆ ಕೊಟ್ಟಿದ್ದು.

ಕೈ ನಡುಗ್ತದೆ, ಇನ್ನು ಈ ಚಾಕು ನಿನ್ ಚೀಲದಾಗೇ ಇರ್ಲಿ, ಹೊಗೆಸೊಪ್ಪು ಕುಯ್ಕೊಳ್ಳೋಕಾದ್ರೂ ಆಯ್ತದೆ ಅಂತ ಹಿಂದಿನ ದಿನವೇ ಅಂದಿದ್ರು. ಅವತ್ತು ನಾನು ಹೊಗೆಸೊಪ್ಪು ಹುಡುಕ್ತಾ ಕೂತಿದ್ದೆ. ಅವರು ಚಾಕು ತೆಗ್ದು ನೆಲಕ್ಕಿಟ್ಟು ತಳ್ಳಿದ್ರು. ನಾನು ಚೀಲದಿಂದ ಕೈ ತೆಗ್ಯೋಷ್ಟ್ರಲ್ಲಿ ಸೂರಿ ಎತ್ತಿ ಕಣ್ಣಿಗೊತ್ಕಂಡ. "ಮಾವ, ಜೀವ ಇರೋವರ್ಗೂ ಕಾಪಾಡ್ತೀನಿ" ಅಂತ ಗೊಳೋ ಅಂದ. ಅವರು ನನ್ ಮುಖ ನೋಡಿದ್ರು, ನಾನು ಅವರ ಮುಖ ನೋಡ್ದೆ. ಅವನು ಆಚೆಗೆ ಹೋದ್ಮೇಲೆ ನಿಮ್ಮಪ್ಪ ಕೆಮ್ಮು ಬರೋ ಹಂಗೆ ನಕ್ರು. "ಬುಡು ಚೌಡಿ, ಹುಡ್ಗ ಆಸೆಪಟ್ಟ, ಕಿತ್ಕಳಕ್ಕಾಗ್ತದಾ" ಅಂದ್ರು. ನಾನೂ ಬುಟ್ಟೆ.

ಈಗ ಸೂರಿ ಇದು ನಂದಲ್ಲ ಅಂತ ವಾಪಸ್ ಕಳಿಸವ್ನೆ. ಒಳ್ಳೇದಾಯ್ತು. ಚಾಕು ನನ್ ಚೀಲದಾಗೈತೆ. ಕಾಂತ, "ಅದ್ರ ಬದ್ಲು ಇದನ್ ಇಟ್ಕಳಮ್ಮ" ಅಂತ ತನ್ ಲಾಕ್ ಬೀಳೋ ಹೊಸಾ ಚಾಕು ಕೊಟ್ಟ. ತೆಗ್ದೆ, ಮಡಚೋಕೇ ಬರ್ಲಿಲ್ಲ. ಇದ್ರ ಬೀಗದ ಕೈ ಎಲ್ಲಪ್ಪ ಅಂದೆ. ಮುಖ ಊದಿಸ್ಕಂಡು ಹಾಸನಕ್ಕೆ ಹೋದ.

ಸೂರಿ, ಮನೆ ಮುಂದೆ ಬಸ್ಸು ಹೋದಾಗ ನಾನು ಜಗಲಿ ಮೇಲೇ ಇದ್ದೆ. ನಿನ್ನ ಹಿಂದಲೆ ಕಂಡ್ತು.

ಇಂತಿ,
ಚೌಡಮ್ಮ

(ನಾನು ಧನಲಕ್ಷ್ಮಿ. ಅತ್ತೆ ಉಜ್ಜುವಾಗ ಪಕ್ಕದಲ್ಲೇ ನೀರು ಹಾಕ್ತಿದ್ದೆ. ಎರಡು ತಿಂಗಳಿಂದ ಇಬ್ಬರೂ ಪತ್ರ ಬರ್ಕೊಂಡ್ರಿ. ಮನೇಲಿದ್ದೋಳನ್ನ ಒಬ್ಬರಾದ್ರೂ ಒಂದು ಮಾತು ಕೇಳಿದ್ರಾ?)


ತುರುವೇಕೆರೆ
೪ ಜನವರಿ ೨೦೨೬

ಕಾಂತೇಶ,

ಅತ್ತೆಯ ಪತ್ರ ಬಂದು ಹತ್ತಿರ ಹತ್ತಿರ ಎರಡು ವಾರವಾಯಿತು. ಮೊದಲ ಸಲ ಓದಿದಾಗ ನಕ್ಕುಬಿಟ್ಟೆ. ಎರಡನೇ ಸಲ ಓದಿದಾಗ ಅಂಗಡಿಯ ಷಟರ್ ಎಳೆದು ಒಳಗೆ ಕೂತೆ. ಕನ್ನಡಕ ತಗೊಂಡು ಹೋಗಲು ಬಂದಿದ್ದ ಗಿರಾಕಿ ಹೊರಗಿನಿಂದ ತಟ್ಟಿ ತಟ್ಟಿ ಹೋದ.

ಕಪ್ಪು, ಹೊಳಪಿನ ವಿಷಯ ಒಪ್ಪಿದೆ. ನಿನ್ನನ್ನು ಕಳ್ಳ ಅಂದದ್ದು ತಪ್ಪು. ನನ್ನನ್ನು ಮೋಸಗಾರ ಅಂದದ್ದನ್ನು ನೀನೂ ನುಂಗಿಕೋ.

ಆದರೆ ಉಳಿದದ್ದು ನುಂಗಲಾಗುತ್ತಿಲ್ಲ. ಮಾವ ನನ್ನನ್ನು ಆರಿಸಿಕೊಂಡರು ಅಂತ ಇಷ್ಟು ವರ್ಷ ಎದೆಯುಬ್ಬಿಸಿ ಓಡಾಡಿದೆ. ಈಗ ನೋಡಿದರೆ ನಾನು ಅವತ್ತು ಅಲ್ಲಿ ಕೂತಿದ್ದವನು, ಅಷ್ಟೇ. ಹೆಂಡತಿಗೆ ಅಂತ ಇಟ್ಟದ್ದನ್ನು ಎತ್ತಿಕೊಂಡು ಓಡಿಬಂದವನು. ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಅದಕ್ಕೇ ಒಂದು ಅನುಮಾನ. ಬೈಯಬೇಡ. ಅತ್ತೆ ಜಾಣೆ. ನಿನಗೂ ಇಲ್ಲ, ನನಗೂ ಇಲ್ಲ ಅಂದರೆ ನಮ್ಮ ಜಗಳ ನಿಲ್ಲುತ್ತೆ ಅಂತ ಈ ಕಥೆ ಕಟ್ಟಿರಬಹುದಲ್ಲವಾ? ನಾನು ಗೊಳೋ ಅಂದೆನಂತೆ. ನಾನು ಅತ್ತ ನೆನಪಿಲ್ಲ. ಅವರು ಹೇಳಿದ್ದಕ್ಕೆ ಸಾಕ್ಷಿ ಏನು? ಮಾವ ಇಲ್ಲ. ನೀನು ಮಗ, ಕೇಳು. ನನಗೆ ಅವರ ಮುಖ ನೋಡುವ ಧೈರ್ಯವಿಲ್ಲ.

ನಿನ್ನ,
ಸೂರಿ


ಹಾಸನ
೧೮ ಜನವರಿ ೨೦೨೬

ಲೇ ಸೂರಿ,

ನನಗೂ ಅದೇ ಅನುಮಾನ ಬಂದಿತ್ತು. ಅಪ್ಪ ನಿನಗೆ ಕೊಡಲಿಲ್ಲ ಅಂತ ಓದಿದಾಗ ಒಂದು ಕ್ಷಣ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ, ಈಯಮ್ಮ ನಮ್ಮಿಬ್ಬರನ್ನೂ ಆಟ ಆಡಿಸ್ತಿದಾಳಾ ಅಂತ ತಲೆಕೆಟ್ಟಿತು.

ಸಂಕ್ರಾಂತಿಗೆ ಹೋದಾಗ ಕೇಳಿಯೇಬಿಟ್ಟೆ. ಜಗಲಿ ಮೇಲೆ ಕೂತಿದ್ದಳು. ಎಡಗೈಯಲ್ಲಿ ಸುಣ್ಣ ಹಚ್ಚಿದ ವೀಳ್ಯದೆಲೆ, ಬಲಗೈಯಲ್ಲಿ ಚಾಕು, ತೊಡೆ ಪಕ್ಕ ಹೊಗೆಸೊಪ್ಪು. "ಅಮ್ಮ, ನೀನು ಬರೆಸಿದ್ದೆಲ್ಲ ನಿಜವಾ? ಸೂರಿ ಸಾಕ್ಷಿ ಕೇಳ್ತಿದಾನೆ" ಅಂದೆ.

ಅವಳು ಬೀದಿಯಲ್ಲಿ ಎತ್ತುಗಳನ್ನ ಹೊಡೆದುಕೊಂಡು ಹೋಗ್ತಿದ್ದ ಈರಣ್ಣನನ್ನ "ಕಿಚ್ಚು ಹಾಯ್ಸೋದು ಎಷ್ಟೊತ್ತಿಗ್ಲಾ?" ಅಂತ ಕೂಗಿ ಕೇಳಿದಳು. ಕೇಳ್ತಾ ಕೇಳ್ತಾನೇ ಬಲಗೈ ಚಾಕನ್ನ ತೊಡೆಗೆ ಒತ್ತಿದಳು. ಟಕ್ಕನೆ ಮಡಚಿಕೊಂಡಿತು. ಅತ್ತ ನೋಡಲೂ ಇಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲೆ ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ನೀನು ಬರೆದಿದ್ದೆಯಲ್ಲ, ಅಪ್ಪ ಹಾಗೆ ಮಡಚುತ್ತಿದ್ದರು ಅಂತ. ಅವಳು ಅಪ್ಪನಿಂದ ಕಲಿತಳೋ, ಅಪ್ಪನೇ ಅವಳಿಂದ ಕಲಿತರೋ, ಕೇಳೋ ಧೈರ್ಯ ನನಗಾಗಲಿಲ್ಲ.

ನಿನ್ನ ನಂಬರ್ ಬ್ಲಾಕ್ ತೆಗೆದಿದ್ದೀನಿ. ಆದರೆ ಇದು ಫೋನಿನಲ್ಲಿ ಕೇಳೋ ಮಾತಲ್ಲ. ಬರೋ ಭಾನುವಾರ ಹೊನ್ನವಳ್ಳಿಯಲ್ಲಿ ಇಳಿ, ಇಬ್ಬರೂ ಕೂತು ಅವಳನ್ನೇ ಕೇಳೋಣ. ಅವಳೇನಾದರೂ ನೆಲಕ್ಕಿಟ್ಟರೆ ಮಾತ್ರ, ದಮ್ಮಯ್ಯ, ಯಾರಿಗೆ ಅಂತ ತಿಳಿಯೋವರೆಗೂ ಕೈ ಹಾಕಬೇಡ.

ಕಾಂತ